ದೂರಸ್ಥ ಗಣಕಯಂತ್ರಗಳಿಗೆ ಆಜ್ಞೆ: ಎಸ್.ಎಸ್.ಎಚ್. ವಿಧಾನವೂ ಮೊದಲ ಪರಿಚಯದ ಪ್ರಶ್ನೆಯೂ

ಒಂದೆಡೆ ಕುಳಿತು ಮತ್ತೊಂದೆಡೆಯಲ್ಲಿರುವ ಗಣಕಯಂತ್ರದಿಂದ ಕೆಲಸ ಮಾಡಿಸುವುದು ಇಂದು ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ನಿತ್ಯದ ಸಂಗತಿಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಎಂಬ ಮಹಾಗಣಕವನ್ನು ಬಳಸುವ ಸಂಶೋಧಕನು ಆ ಯಂತ್ರವನ್ನು ಕಣ್ಣಾರೆ ಕಂಡಿರಬೇಕಾದ ಅಗತ್ಯವಿಲ್ಲ. ತನ್ನ ಮೇಜಿನ ಮೇಲಣ ಯಂತ್ರದಲ್ಲಿ ಒಂದು ಸಾಲನ್ನು ಬರೆದು ಕಳುಹಿಸಿದರೆ ಸಾಕು, ಕೆಲಸ ಅಲ್ಲಿ ನಡೆದು ಫಲಿತಾಂಶ ಇಲ್ಲಿ ಮೂಡುತ್ತದೆ. ಇಂತಹ ಸಂಪರ್ಕಕ್ಕೆ ಲೋಕದಲ್ಲೆಲ್ಲ ರೂಢಿಯಾಗಿರುವ ಸಾಧನ ‘ಸೆಕ್ಯೂರ್ ಷೆಲ್’, ಸಂಕ್ಷೇಪವಾಗಿ ಎಸ್.ಎಸ್.ಎಚ್. ಎಂಬುದು. ವಿದ್ಯಾರ್ಥಿಗಳು ಇದರ ಬಳಕೆಯನ್ನು ಬಲು ಬೇಗ ಕಲಿಯುತ್ತಾರೆ. ಆದರೆ ಅದರ ಹೆಸರಿನಲ್ಲಿರುವ ‘ಸುರಕ್ಷಿತ’ ಎಂಬ ವಿಶೇಷಣವು ಯಾವುದರ ಬಲದಿಂದ ಸಾರ್ಥಕವಾಗುತ್ತದೆಯೆಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಸಂದೇಶವೆಲ್ಲ ಗೂಢಲಿಪಿಯಲ್ಲಿ ಹೋಗುತ್ತದೆ ಎಂದು. ಈ ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಉಳಿದ ಅರ್ಧವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯವನ್ನು ಕುರಿತು ನಾವು ಚಿಂತಿಸುವಂತಾದುದು ನಮ್ಮದೇ ಒಂದು ಅನವಧಾನದಿಂದ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ವಿಭಾಗದ ಪ್ರಯೋಗಶಾಲೆಯ ಸರ್ವರನ್ನು ಹೊಸದಾಗಿ ಸಜ್ಜುಗೊಳಿಸಿದೆವು. ಮರುದಿನ ತರಗತಿಗೆ ಬಂದ ವಿದ್ಯಾರ್ಥಿಗಳೆಲ್ಲರ ತೆರೆಯ ಮೇಲೆಯೂ ದೂರದ ಯಂತ್ರದ ಗುರುತು ಬದಲಾಗಿದೆ, ಯಾರೋ ನಡುವೆ ನಿಂತು ವಂಚಿಸುತ್ತಿರಬಹುದು ಎಂಬ ಎಚ್ಚರಿಕೆ ದೊಡ್ಡ ಅಕ್ಷರಗಳಲ್ಲಿ ಮೂಡಿತು. ಹಳೆಯ ಗುರುತು ಇರುವ ಸಾಲನ್ನು ಅಳಿಸಿ ಮುಂದುವರಿಯಿರಿ ಎಂದು ನಾವೇ ಹೇಳಿದೆವು. ಎಲ್ಲರೂ ಹಾಗೆಯೇ ಮಾಡಿದರು. ಒಬ್ಬ ವಿದ್ಯಾರ್ಥಿನಿ ಮಾತ್ರ, ‘ಸರ್, ಈಗ ಬಂದಿರುವ ಗುರುತು ನಮ್ಮ ಸರ್ವರಿನದೇ ಎಂದು ತಿಳಿಯುವುದು ಹೇಗೆ?’ ಎಂದು ಕೇಳಿದಳು. ನಮ್ಮದೇ ಇರಬೇಕು ಎಂದೆವು. ಹಾಗೆಂದು ಹೇಳಲು ನಮ್ಮ ಕೈಯಲ್ಲಿ ಯಾವ ಆಧಾರವೂ ಇರಲಿಲ್ಲ. ಹೊಸ ಗುರುತನ್ನು ನಾವು ಎಲ್ಲಿಯೂ ಬರೆದುಕೊಂಡಿರಲಿಲ್ಲ. ಆ ಪ್ರಶ್ನೆಯ ಬೆಲೆ ಎಷ್ಟೆಂಬುದು ತಿಳಿಯಬೇಕಾದರೆ ಎಸ್.ಎಸ್.ಎಚ್. ಹುಟ್ಟಿದ ಸನ್ನಿವೇಶವನ್ನು ಸ್ವಲ್ಪ ನೋಡಬೇಕಾಗುತ್ತದೆ.

ಮೊದಲು ಬಳಕೆಯಲ್ಲಿದ್ದ ಟೆಲ್ನೆಟ್ ವಿಧಾನದಲ್ಲಿ ಬಳಕೆದಾರನು ಒತ್ತಿದ ಅಕ್ಷರಗಳೆಲ್ಲವೂ, ಪಾಸ್‌ವರ್ಡಿನ ಅಕ್ಷರಗಳೂ ಸೇರಿದಂತೆ, ಇದ್ದದ್ದು ಇದ್ದಂತೆಯೇ ತಂತಿಯ ಮೇಲೆ ಹೋಗುತ್ತಿದ್ದವು. 1983ರಲ್ಲಿ ಬರ್ಕ್ಲಿಯ ಯೂನಿಕ್ಸ್ 4.2 ಆವೃತ್ತಿಯೊಡನೆ ಬಂದ ಆರ್-ಲಾಗಿನ್, ಆರ್-ಎಸ್ಎಚ್ ಎಂಬ ಸಾಧನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಾಸ್‌ವರ್ಡನ್ನೇ ಕೇಳದೆ, ಬಂದವನ ಯಂತ್ರದ ವಿಳಾಸವನ್ನು ನೋಡಿ ಒಳಗೆ ಬಿಡುವ ಸೌಲಭ್ಯವನ್ನು ಕಲ್ಪಿಸಿದವು. ಪರಸ್ಪರ ಪರಿಚಿತರಾದ ಕೆಲವೇ ವಿಶ್ವವಿದ್ಯಾನಿಲಯಗಳ ಜಾಲದಲ್ಲಿ ಇದು ಅನುಕೂಲವೆನಿಸಿರಬಹುದು. ಆದರೆ 1988ರ ನವೆಂಬರಿನಲ್ಲಿ ಅಮೆರಿಕದ ಜಾಲವನ್ನು ಅಲ್ಲೋಲಕಲ್ಲೋಲ ಮಾಡಿದ ‘ಮಾರಿಸ್ ವರ್ಮ್’ ಎಂಬ ತಂತ್ರಾಂಶವು ಒಂದು ಯಂತ್ರದಿಂದ ಮತ್ತೊಂದಕ್ಕೆ ಹರಡಲು ಬಳಸಿದ ದಾರಿಗಳಲ್ಲಿ ಈ ಕುರುಡು ವಿಶ್ವಾಸವೂ ಒಂದಾಗಿತ್ತು.

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಪಾಸ್‌ವರ್ಡುಗಳನ್ನು ಸಂಗ್ರಹಿಸಿದ ಸಂಗತಿ ಬೆಳಕಿಗೆ ಬಂದಿತು. ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಅವರು ಇದಕ್ಕೆ ಪರಿಹಾರವಾಗಿ ಎಸ್.ಎಸ್.ಎಚ್.ನ ಮೊದಲ ಆವೃತ್ತಿಯನ್ನು ರಚಿಸಿ ಅದೇ ವರ್ಷ ಜುಲೈ ತಿಂಗಳಲ್ಲಿ ಎಲ್ಲರಿಗೂ ಮುಕ್ತವಾಗಿ ಒದಗಿಸಿದರು. ಕಡತಗಳನ್ನು ಸಾಗಿಸುವ ಎಫ್.ಟಿ.ಪಿ.ಗೆ 21, ಟೆಲ್ನೆಟ್ಟಿಗೆ 23 ಎಂಬ ದ್ವಾರಸಂಖ್ಯೆಗಳು ಮೊದಲೇ ಇದ್ದವು. ನಡುವೆ ಖಾಲಿಯಿದ್ದ 22ನ್ನು ಅವರು ಕೇಳಿ ಪಡೆದರು. ಯಾವೆರಡರ ಸ್ಥಾನವನ್ನು ಆಕ್ರಮಿಸಲು ಹೊರಟಿದ್ದರೋ ಅವೆರಡರ ಮಧ್ಯದಲ್ಲಿಯೇ ಅದಕ್ಕೆ ಮನೆ ದೊರೆಯಿತು. ಮೊದಲ ಆವೃತ್ತಿಯ ಒಡಂಬಡಿಕೆಯಲ್ಲಿ ದೋಷಗಳು ಕಂಡುಬಂದುದರಿಂದ ಎರಡನೆಯದು ರೂಪುಗೊಂಡು 2006ರ ಜನವರಿಯಲ್ಲಿ ಅಂತರಜಾಲದ ವಿಧ್ಯುಕ್ತ ನಿಯಮಾವಳಿಯಲ್ಲಿ ಸೇರಿತು. ಇಂದು ಬಹುತೇಕ ಎಲ್ಲೆಡೆಯಲ್ಲಿಯೂ ಬಳಕೆಯಲ್ಲಿರುವ ‘ಓಪನ್ ಎಸ್.ಎಸ್.ಎಚ್.’ ತಂತ್ರಾಂಶವು ಓಪನ್ ಬಿ.ಎಸ್.ಡಿ. ಬಳಗದವರಿಂದ 1999ರಲ್ಲಿ ಹೊರಬಂದದ್ದು.

ಇನ್ನು ಕಾರ್ಯವಿಧಾನಕ್ಕೆ ಬರೋಣ. ಮೊದಲೆಂದೂ ಭೇಟಿಯಾಗದ ಎರಡು ಯಂತ್ರಗಳು, ಎಲ್ಲರಿಗೂ ಕೇಳಿಸುವಂತೆ ಮಾತನಾಡಿಕೊಂಡು, ತಮ್ಮಿಬ್ಬರಿಗೆ ಮಾತ್ರ ತಿಳಿದ ಒಂದು ರಹಸ್ಯಕ್ಕೆ ಬರಬಹುದೇ? ಬರಬಹುದೆಂದು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಪಡಿಸಿದರು. ಚಿಕ್ಕ ಸಂಖ್ಯೆಗಳಿಂದ ಇದನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು. 23 ಮತ್ತು 5 ಎಂಬ ಎರಡು ಸಂಖ್ಯೆಗಳು ಎಲ್ಲರಿಗೂ ತಿಳಿದಿರಲಿ. ಒಬ್ಬನು ತನ್ನ ಮನಸ್ಸಿನಲ್ಲಿ 3ನ್ನು, ಇನ್ನೊಬ್ಬನು 7ನ್ನು ಇಟ್ಟುಕೊಳ್ಳಲಿ. 5ರ ಮೂರನೆಯ ಘಾತವನ್ನು 23ರಿಂದ ಭಾಗಿಸಿದರೆ ಶೇಷ 10. ಏಳನೆಯ ಘಾತವನ್ನು ಭಾಗಿಸಿದರೆ ಶೇಷ 17. ಈ 10 ಮತ್ತು 17ನ್ನು ಅವರು ಬಹಿರಂಗವಾಗಿ ವಿನಿಮಯ ಮಾಡಿಕೊಳ್ಳುತ್ತಾರೆ. ಮೊದಲನೆಯವನು ತನಗೆ ಬಂದ 17ರ ಮೂರನೆಯ ಘಾತವನ್ನು 23ರಿಂದ ಭಾಗಿಸುತ್ತಾನೆ, ಶೇಷ 14. ಎರಡನೆಯವನು ತನಗೆ ಬಂದ 10ರ ಏಳನೆಯ ಘಾತವನ್ನು ಭಾಗಿಸುತ್ತಾನೆ, ಅವನಿಗೂ 14. ಸಂಖ್ಯೆಗಳು ನೂರಾರು ಅಂಕಿಗಳಷ್ಟು ದೊಡ್ಡವಾದಾಗ, ನಡುವೆ ಕೇಳಿಸಿಕೊಂಡವನು ಬಹಿರಂಗ ಸಂಖ್ಯೆಗಳಿಂದ ಮೂಲ ರಹಸ್ಯಕ್ಕೆ ಹಿಂದಿರುಗುವುದು ಈಗಿನ ಯಂತ್ರಗಳಿಂದ ಸಾಧ್ಯವಿಲ್ಲ. ಇಂದು ಘಾತಗಳ ಬದಲು ದೀರ್ಘವೃತ್ತೀಯ ವಕ್ರರೇಖೆಗಳ ಮೇಲಣ ಗಣಿತವನ್ನು ಬಳಸುವುದು ರೂಢಿ. ಮುಂದೆ ಬರಬಹುದಾದ ಕ್ವಾಂಟಂ ಗಣಕಗಳನ್ನು ನೆನೆದು ಓಪನ್ ಎಸ್.ಎಸ್.ಎಚ್. 2022ರ ಏಪ್ರಿಲಿನಿಂದ ಅದಕ್ಕೆ ಇನ್ನೊಂದು ಬಗೆಯ ಗಣಿತವನ್ನೂ ಜೋಡಿಸಿಕೊಂಡಿದೆ. ಹೀಗೆ ದೊರೆತ ರಹಸ್ಯವೇ ಮುಂದಿನ ಸಂಭಾಷಣೆಯನ್ನೆಲ್ಲ ಗೂಢಲಿಪಿಗೆ ಇಳಿಸುವ ಕೀಲಿಗಳಿಗೆ ಮೂಲವಾಗುತ್ತದೆ.

ಆದರೆ ಈ ಸುಂದರವಾದ ಯುಕ್ತಿಯಲ್ಲಿ ಒಂದು ಕೊರತೆಯಿದೆ. ರಹಸ್ಯವನ್ನು ಹಂಚಿಕೊಂಡದ್ದು ಯಾರೊಡನೆ ಎಂಬುದನ್ನು ಅದು ತಿಳಿಸುವುದಿಲ್ಲ. ವಂಚಕನೊಬ್ಬನು ನಡುವೆ ನಿಂತು ಈ ಕಡೆಯವನೊಡನೆ ಒಂದು ಒಪ್ಪಂದವನ್ನೂ ಆ ಕಡೆಯವನೊಡನೆ ಇನ್ನೊಂದನ್ನೂ ಮಾಡಿಕೊಂಡರೆ ಎರಡು ಸಂಭಾಷಣೆಗಳೂ ಗೂಢಲಿಪಿಯಲ್ಲಿಯೇ ನಡೆಯುತ್ತವೆ, ಎರಡೂ ಅವನಿಗೆ ತಿಳಿಯುತ್ತವೆ. ಕಳ್ಳನ ಕಿವಿಯಲ್ಲಿ ಪಿಸುಗುಟ್ಟಿದ ಮಾತು ಬೇರೆಯವರಿಗೆ ಕೇಳಿಸುವುದಿಲ್ಲವೆಂಬುದು ನಿಜ, ಅದರಿಂದ ಪ್ರಯೋಜನವೇನು?

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಪ್ರತಿಯೊಂದು ಸರ್ವರೂ ತನ್ನದೇ ಆದ ಒಂದು ಕೀಲಿಜೋಡಿಯನ್ನು ಹೊಂದಿರುತ್ತದೆ. ಜೋಡಿಯಲ್ಲಿ ಒಂದನ್ನು ಸಾರ್ವಜನಿಕ ಕೀಲಿ, ಇನ್ನೊಂದನ್ನು ಖಾಸಗಿ ಕೀಲಿ ಎನ್ನುತ್ತಾರೆ. ಈ ಹೆಸರುಗಳು ಅಷ್ಟು ಒಳ್ಳೆಯವಲ್ಲವೆಂದು ನಮ್ಮ ಭಾವನೆ. ಎರಡೂ ಕೀಲಿಯೇ ಆದ್ದರಿಂದ ಯಾವುದನ್ನು ಕೊಡಬೇಕು, ಯಾವುದನ್ನು ಬಚ್ಚಿಡಬೇಕು ಎಂದು ವಿದ್ಯಾರ್ಥಿಗಳು ತಡವರಿಸುವುದನ್ನು ಪ್ರತಿವರ್ಷವೂ ಕಾಣುತ್ತೇವೆ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಕೊಡುವ ಮಾದರಿ ರುಜುವನ್ನು ನೆನೆದರೆ ವಿಷಯ ಸುಲಭವಾಗುತ್ತದೆ. ಸಾರ್ವಜನಿಕ ಕೀಲಿಯೆಂದರೆ ಮಾದರಿ ರುಜು. ಖಾಸಗಿ ಕೀಲಿಯೆಂದರೆ ರುಜು ಹಾಕುವ ಕೈ. ಮಾದರಿಯನ್ನು ಯಾರಿಗೆ ಬೇಕಾದರೂ ಕೊಡಬಹುದು, ಕೈಯನ್ನು ಕೊಡಲಾಗದು. ವ್ಯತ್ಯಾಸವಿಷ್ಟೆ: ಮಾದರಿಯನ್ನು ನೋಡಿ ರುಜುವನ್ನು ನಕಲು ಮಾಡುವ ಚತುರರಿರುತ್ತಾರೆ, ಇಲ್ಲಿ ಅದು ಸಾಧ್ಯವಿಲ್ಲ, ಮತ್ತು ಇಲ್ಲಿ ಪ್ರತಿಸಲವೂ ಆಯಾ ಸಂಭಾಷಣೆಗೇ ವಿಶಿಷ್ಟವಾದ ಹೊಸ ಬರಹದ ಮೇಲೆ ರುಜು ಬೀಳುವುದರಿಂದ ಹಳೆಯ ರುಜುವನ್ನು ತಂದು ತೋರಿಸಿ ಪ್ರಯೋಜನವಿಲ್ಲ. ರಹಸ್ಯದ ವಿನಿಮಯ ನಡೆಯುತ್ತಿರುವಾಗಲೇ ಸರ್ವರು ಆ ವಿನಿಮಯದ ಸಾರಾಂಶಕ್ಕೆ ತನ್ನ ಖಾಸಗಿ ಕೀಲಿಯಿಂದ ರುಜು ಹಾಕುತ್ತದೆ. ನಮ್ಮ ಯಂತ್ರವು ತನ್ನಲ್ಲಿರುವ ಮಾದರಿಯೊಡನೆ ಅದನ್ನು ತಾಳೆ ನೋಡುತ್ತದೆ. ತಾಳೆಯಾದರೆ ನಡುವೆ ಯಾರೂ ಇಲ್ಲವೆಂಬುದು ಸಿದ್ಧ.

ಆದರೆ ಮಾದರಿಯು ನಮ್ಮ ಯಂತ್ರಕ್ಕೆ ಬಂದುದು ಎಲ್ಲಿಂದ? ಮೊದಲ ಭೇಟಿಯಲ್ಲಿ ಅದು ನಮ್ಮಲ್ಲಿರುವುದೇ ಇಲ್ಲ. ಆಗ ಎದುರಿಗಿದ್ದವರು ಕೊಟ್ಟ ಮಾದರಿಯ ಸಂಕ್ಷಿಪ್ತ ರೂಪವನ್ನು, ‘ಬೆರಳಗುರುತು’ ಎಂಬ ಹೆಸರಿನ 43 ಅಕ್ಷರಗಳ ಸಾಲನ್ನು, ತೆರೆಯ ಮೇಲೆ ತೋರಿಸಿ, ‘ಇದನ್ನು ನಂಬಿ ಮುಂದುವರಿಯಬಹುದೇ?’ ಎಂದು ಯಂತ್ರವು ಕೇಳುತ್ತದೆ. ನಾವು ‘ಯೆಸ್’ ಎಂದು ಬರೆಯುತ್ತೇವೆ. ಎಸ್.ಎಸ್.ಎಚ್.ನ ಸಕಲ ಗಣಿತವೂ ನಿಂತಿರುವುದು ಈ ಮೂರು ಅಕ್ಷರಗಳ ಮೇಲೆ ಎಂದರೆ ಅತಿಶಯೋಕ್ತಿಯಾಗಲಾರದು. ಒಮ್ಮೆ ಹೌದೆಂದರೆ ಆ ಗುರುತು ನಮ್ಮ ಪರಿಚಿತರ ಪಟ್ಟಿಗೆ ಸೇರುತ್ತದೆ. ಅಂದು ಎದುರಿಗಿದ್ದವನು ವಂಚಕನಾಗಿದ್ದರೆ ಮುಂದೆ ಅವನೇ ಪರಿಚಿತ, ನಿಜವಾದ ಸರ್ವರೇ ಅಪರಿಚಿತ. ಪಾಸ್‌ವರ್ಡನ್ನು ಬರೆದಿದ್ದರೆ ಅದು ನೇರವಾಗಿ ಅವನ ಕೈ ಸೇರಿರುತ್ತದೆ. ಸನ್ಯಾಸಿಯ ವೇಷಕ್ಕೆ ಒಮ್ಮೆ ಮೋಸಹೋಗಿದ್ದ ಸೀತೆ ಅಶೋಕವನದಲ್ಲಿ ಹನುಮಂತನನ್ನು ಕಂಡಾಗ ಇವನೂ ರಾವಣನೇ ಇರಬಹುದೆಂದು ಶಂಕಿಸಿದಳು. ರಾಮನ ಲಕ್ಷಣಗಳನ್ನು ಹೇಳಿಸಿ, ಉಂಗುರವನ್ನು ಕಂಡ ಮೇಲೆಯೇ ನಂಬಿದಳು. ಉಂಗುರ ರಾಮನದೆಂದು ಗುರುತಿಸುವ ಶಕ್ತಿ ಅವಳಿಗಿದ್ದದ್ದು ಅದನ್ನು ಅವಳು ಮೊದಲೇ ಬಲ್ಲವಳಾಗಿದ್ದುದರಿಂದ. ಬೆರಳಗುರುತಿನ ವಿಷಯದಲ್ಲಿಯೂ ಹಾಗೆಯೇ: ಬೇರೆ ದಾರಿಯಿಂದ ಅದು ನಮಗೆ ಮೊದಲೇ ತಿಳಿದಿರಬೇಕು. ಅದೇ ಸಂಪರ್ಕದ ಮೂಲಕ ಬಂದದ್ದನ್ನು ಅದರಿಂದಲೇ ಪರೀಕ್ಷಿಸುವುದು ಪರೀಕ್ಷೆಯಲ್ಲ.

ಗುರುತು ಬದಲಾದ ಎಚ್ಚರಿಕೆಯನ್ನು ಹಗುರವಾಗಿ ನೋಡುವ ಅಭ್ಯಾಸ ನಮ್ಮಲ್ಲಿ ಮಾತ್ರವೇ ಇರುವುದಲ್ಲ. 2023ರ ಮಾರ್ಚ್ ತಿಂಗಳಲ್ಲಿ, ಲೋಕದ ಅಸಂಖ್ಯಾತ ತಂತ್ರಾಂಶಗಳ ಭಂಡಾರವಾದ ಗಿಟ್‌ಹಬ್, ತನ್ನ ಸರ್ವರಿನ ಒಂದು ಖಾಸಗಿ ಕೀಲಿಯು ಸಾರ್ವಜನಿಕ ಕಡತಗಳ ನಡುವೆ ಕೆಲಕಾಲ ಕಾಣಿಸಿಕೊಂಡಿತ್ತೆಂದು ತಿಳಿಸಿ, ಅದನ್ನು ಬದಲಾಯಿಸಿತು. ಆ ಕೀಲಿಯನ್ನು ಬಳಸುತ್ತಿದ್ದವರೆಲ್ಲರಿಗೂ ನಮ್ಮ ವಿದ್ಯಾರ್ಥಿಗಳು ಕಂಡ ಎಚ್ಚರಿಕೆಯೇ ಎದುರಾಯಿತು. ಸಂಸ್ಥೆಯು ಹೊಸ ಬೆರಳಗುರುತನ್ನು ಬೇರೆಯಾಗಿ ಪ್ರಕಟಿಸಿದ್ದುದರಿಂದ ತಾಳೆ ನೋಡಬೇಕೆಂದವರಿಗೆ ದಾರಿಯಿತ್ತು. ನಮ್ಮ ಪ್ರಯೋಗಶಾಲೆಯಲ್ಲಿ ಅಂದು ಇಲ್ಲದಿದ್ದದ್ದು ಇದೇ.

ಸರ್ವರಿನ ಗುರುತು ಖಚಿತವಾದ ಬಳಿಕ ಬಳಕೆದಾರನು ತನ್ನ ಗುರುತನ್ನು ತೋರಿಸಬೇಕು. ಪಾಸ್‌ವರ್ಡನ್ನು ಬಿಟ್ಟು ಸ್ವಂತ ಕೀಲಿಜೋಡಿಯನ್ನು ಬಳಸುವುದು ಮೇಲು; ಏಕೆಂದರೆ ರುಜು ಆ ಸಂಭಾಷಣೆಗೇ ಕಟ್ಟುಬಿದ್ದಿರುವುದರಿಂದ, ವಂಚಕನು ಅದನ್ನು ಪಡೆದರೂ ನಿಜವಾದ ಸರ್ವರಿಗೆ ಒಯ್ದು ತೋರಿಸಲಾರ. ಖಾಸಗಿ ಕೀಲಿಯನ್ನು ರಹಸ್ಯವಾಕ್ಯವೊಂದರಿಂದ ಭದ್ರಪಡಿಸಬೇಕೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕೀಲಿಯ ಬಲವೆಲ್ಲ ಅದು ಊಹೆಗೆ ನಿಲುಕದಿರುವುದರಲ್ಲಿದೆ ಎಂಬುದಕ್ಕೆ ಡೆಬಿಯನ್ ಪ್ರಕರಣ ಸಾಕ್ಷಿ. 2006ರಲ್ಲಿ ಆ ಲಿನಕ್ಸ್ ವಿತರಣೆಯ ಗೂಢಲಿಪಿ ತಂತ್ರಾಂಶದಲ್ಲಿ ಮಾಡಿದ ಸಣ್ಣ ತಿದ್ದುಪಡಿಯೊಂದರಿಂದ ಯಾದೃಚ್ಛಿಕತೆಯು ನಷ್ಟವಾಗಿ, ಆಯಾ ಬಗೆಯ ಕೀಲಿಗಳ ಒಟ್ಟು ಸಾಧ್ಯತೆ ಸುಮಾರು 32 ಸಾವಿರಕ್ಕೆ ಇಳಿದುಹೋಗಿತ್ತು. 2008ರ ಮೇ ತಿಂಗಳವರೆಗೂ ಅದು ಬಯಲಾಗಲಿಲ್ಲ. ಗಣಿತ ನಿರ್ದುಷ್ಟವಾಗಿಯೇ ಇತ್ತು.

ಆಜ್ಞೆಯು ಯಾರಿಗೆ ತಲುಪುತ್ತದೆ ಎಂಬುದು ಇಲ್ಲಿಯವರೆಗಿನ ವಿಚಾರ. ಯಾವ ರೂಪದಲ್ಲಿ ತಲುಪುತ್ತದೆ ಎಂಬುದೂ ಅಷ್ಟೇ ಮುಖ್ಯವಾದುದು. ಅಧ್ಯಾಪಕರು ಸಹ ಇದರಲ್ಲಿ ಎಡವುವುದುಂಟು. ಎಸ್.ಎಸ್.ಎಚ್. ಎಂದು ಬರೆದು, ದೂರದ ಯಂತ್ರದ ಹೆಸರನ್ನೂ ಅದರ ಮುಂದೆ ಒಂದು ಆಜ್ಞೆಯನ್ನೂ ಬರೆದರೆ, ಆ ಒಂದು ಆಜ್ಞೆ ಮಾತ್ರ ಅಲ್ಲಿ ನಡೆದು ಸಂಪರ್ಕ ಮುಗಿಯುತ್ತದೆ. ಇಲ್ಲಿ ನೆನಪಿಡಬೇಕಾದುದು ಈ ಸಾಲನ್ನು ಎರಡು ಷೆಲ್‌ಗಳು, ಎಂದರೆ ಆಜ್ಞೆಯನ್ನು ಓದಿ ಅರ್ಥೈಸುವ ಎರಡು ತಂತ್ರಾಂಶಗಳು, ಒಂದಾದ ಮೇಲೊಂದರಂತೆ ಓದುತ್ತವೆ ಎಂಬುದು. ಮೊದಲು ನಮ್ಮ ಯಂತ್ರದ ಷೆಲ್ ಓದಿ, ಉದ್ಧರಣ ಚಿಹ್ನೆಗಳನ್ನು ಕಳಚಿ, ಪದಗಳನ್ನು ಬೇರ್ಪಡಿಸುತ್ತದೆ. ಎಸ್.ಎಸ್.ಎಚ್. ಆ ಪದಗಳ ನಡುವೆ ಒಂದೊಂದು ತೆರವನ್ನು ಬಿಟ್ಟು ಮತ್ತೆ ಒಂದೇ ಸಾಲಾಗಿ ಹೊಲಿದು ಕಳುಹಿಸುತ್ತದೆ. ದೂರದ ಷೆಲ್ ಅದನ್ನು ಹೊಸದೆಂಬಂತೆ ಮತ್ತೊಮ್ಮೆ ಓದುತ್ತದೆ.

ಇದರ ಪರಿಣಾಮವನ್ನು ಉದಾಹರಣೆಯಿಂದ ನೋಡಬಹುದು. ಸರ್ವರಿನಲ್ಲಿ ‘ಪರೀಕ್ಷೆ’ ಎಂಬ ಒಂದು ಫೋಲ್ಡರೂ ‘ಪರೀಕ್ಷೆ ಹಳೆಯದು’ ಎಂಬ ಇನ್ನೊಂದು ಫೋಲ್ಡರೂ ಇವೆಯೆಂದಿಟ್ಟುಕೊಳ್ಳೋಣ. ಎರಡನೆಯದನ್ನು ಅಳಿಸಲು ಅದರ ಹೆಸರನ್ನು ಉದ್ಧರಣ ಚಿಹ್ನೆಗಳಲ್ಲಿಟ್ಟು ಅಳಿಸುವ ಆಜ್ಞೆಯನ್ನು ಕಳುಹಿಸುತ್ತೇವೆ. ಚಿಹ್ನೆಗಳು ಇಲ್ಲಿಯೇ ಕಳಚಿಹೋಗುತ್ತವೆ. ಅಲ್ಲಿಗೆ ತಲುಪುವುದು ‘ಪರೀಕ್ಷೆ’ಯನ್ನೂ ‘ಹಳೆಯದು’ ಎಂಬುದನ್ನೂ ಅಳಿಸು ಎಂಬ ಆಜ್ಞೆ. ಈ ವರ್ಷದ ಪರೀಕ್ಷೆಯ ಫೋಲ್ಡರು ಹೋಗಿ ಹಳೆಯದು ಉಳಿಯುತ್ತದೆ! ಇನ್ನೊಂದು ಬಗೆಯದು ಇದಕ್ಕಿಂತಲೂ ಅಪಾಯಕರ. ದೂರದ ಯಂತ್ರದ ಯಾವುದೋ ಫೋಲ್ಡರಿಗೆ ಹೋಗಿ, ಹೋದದ್ದು ಯಶಸ್ವಿಯಾದರೆ ಅಲ್ಲಿರುವುದನ್ನೆಲ್ಲ ಅಳಿಸು ಎಂದು ಎರಡು ಆಜ್ಞೆಗಳನ್ನು ಜೋಡುಚಿಹ್ನೆಯಿಂದ ಸೇರಿಸಿ, ಉದ್ಧರಣ ಚಿಹ್ನೆಗಳಿಲ್ಲದೆ ಬರೆದರೆ, ಜೋಡುಚಿಹ್ನೆಯನ್ನು ನಮ್ಮ ಷೆಲ್ಲೇ ಅರ್ಥಮಾಡಿಕೊಂಡುಬಿಡುತ್ತದೆ. ಹೋಗುವುದು ಅಲ್ಲಿ, ಅಳಿಸುವುದು ಇಲ್ಲಿ. ಆದುದರಿಂದ ದೂರದಲ್ಲಿ ನಡೆಯಬೇಕಾದುದನ್ನೆಲ್ಲ ಒಟ್ಟಾಗಿ ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇರಿಸಿ, ಅದರೊಳಗೆ ದೂರದ ಷೆಲ್ಲಿಗೆ ಬೇಕಾದ ಚಿಹ್ನೆಗಳನ್ನು ಬೇರೆಯಾಗಿ ಇಡಬೇಕು. ಅಳಿಸುವ ಆಜ್ಞೆಯಿದ್ದರೆ, ಅದರ ಸ್ಥಾನದಲ್ಲಿ ಮೊದಲು ಹೆಸರುಗಳನ್ನು ಪಟ್ಟಿಮಾಡುವ ನಿರಪಾಯಕರವಾದ ಆಜ್ಞೆಯನ್ನಿಟ್ಟು ಕಳುಹಿಸಿ ನೋಡುವುದು ಜಾಣತನ.

ಒಂದು ಪಟ್ಟಿಯಲ್ಲಿರುವ ಹಲವು ಯಂತ್ರಗಳಿಗೆ ಸಾಲುಸಾಲಾಗಿ ಆಜ್ಞೆ ಕಳುಹಿಸುವ ಲಿಪಿಯನ್ನು ಬರೆದವರು, ಕೆಲಸ ಮೊದಲ ಯಂತ್ರದಲ್ಲಿ ಮಾತ್ರ ನಡೆದು ನಿಂತುಹೋಯಿತೆಂದು ಆಗಾಗ ದೂರುತ್ತಾರೆ. ಕಾರಣ ಸರಳ: ಮೊದಲ ಸಂಪರ್ಕವೇ ಪಟ್ಟಿಯ ಉಳಿದ ಸಾಲುಗಳನ್ನು ತನಗೆ ಬಂದ ಆಹಾರವೆಂದು ನುಂಗಿಬಿಟ್ಟಿರುತ್ತದೆ. ‘ಎನ್’ ಎಂಬ ಆಯ್ಕೆಯನ್ನು ಕೊಟ್ಟರೆ ಅದು ಏನನ್ನೂ ಓದುವುದಿಲ್ಲ. ಅಂತೆಯೇ ಆಜ್ಞೆಯ ಫಲಸೂಚಕ ಸಂಖ್ಯೆಯನ್ನು ಪರೀಕ್ಷಿಸುವಾಗ, ದೂರದ ಆಜ್ಞೆಯ ಸಂಖ್ಯೆಯೇ ಇಲ್ಲಿಗೂ ಬರುತ್ತದೆಯೆಂಬುದನ್ನೂ, ಸಂಪರ್ಕದಲ್ಲಿಯೇ ದೋಷವಾದರೆ 255 ಬರುತ್ತದೆಯೆಂಬುದನ್ನೂ ಗಮನಿಸಬೇಕು; ಕೆಲಸ ಕೆಟ್ಟಿತೇ ದಾರಿ ಕೆಟ್ಟಿತೇ ಎಂಬುದು ಹೀಗೆ ತಿಳಿಯುತ್ತದೆ.

ರಾತ್ರಿಯ ವೇಳೆ ತಾನೇ ತಾನಾಗಿ ನಡೆಯಬೇಕಾದ ಕೆಲಸಗಳಿಗೆ, ಉದಾಹರಣೆಗೆ ಅಂಕಪಟ್ಟಿಗಳ ಪ್ರತಿ ತೆಗೆದಿಡುವುದಕ್ಕೆ, ರಹಸ್ಯವಾಕ್ಯವನ್ನು ಬರೆಯಲು ಯಾರೂ ಇರುವುದಿಲ್ಲ. ಅಂತಹ ಕೀಲಿಗೆ ಸಂಪೂರ್ಣ ಅಧಿಕಾರವನ್ನು ಕೊಡುವುದು ಅವಿವೇಕ. ಸರ್ವರಿನಲ್ಲಿ ಮಾದರಿ ರುಜುಗಳನ್ನು ಬರೆದಿಡುವ ಕಡತದಲ್ಲಿಯೇ, ಆ ಕೀಲಿಯ ಸಾಲಿನ ಆರಂಭದಲ್ಲಿ, ಈ ರುಜುವಿನಿಂದ ಬಂದವನಿಗೆ ಇಂತಹ ಒಂದೇ ಆಜ್ಞೆ ಎಂದು ವಿಧಿಸಬಹುದು. ಆಮೇಲೆ ಅವನು ಏನನ್ನು ಕೇಳಿದರೂ ನಡೆಯುವುದು ಅದೊಂದೇ. ಈ ಸೌಲಭ್ಯ ಬಹಳ ಹಿಂದಿನಿಂದಲೂ ಇದ್ದು ಬಹಳ ಕಡಿಮೆ ಬಳಕೆಯಲ್ಲಿದೆಯೆಂದು ನಮಗೆ ತೋರುತ್ತದೆ.

ಗುರುತನ್ನು ತಾಳೆ ನೋಡುವ ವಿಷಯದಲ್ಲಿ ಈಗ ನಮ್ಮ ವಿಭಾಗದಲ್ಲಿ ನಡೆಯುತ್ತಿರುವ ಕ್ರಮವನ್ನು, ಬೇರೆ ಕಾಲೇಜುಗಳಿಗೆ ಉಪಯೋಗವಾಗಬಹುದೆಂದು, ಇಲ್ಲಿ ಹೇಳುತ್ತೇವೆ. ಸರ್ವರಿನ ಮುಂದೆಯೇ ಕುಳಿತು, ಜಾಲದ ಮೂಲಕವಲ್ಲದೆ, ಅದರ ಬೆರಳಗುರುತನ್ನು ತೆಗೆದು ಪ್ರಯೋಗಪುಸ್ತಕದ ಮೊದಲ ಪುಟದಲ್ಲಿ ಅಚ್ಚುಹಾಕಿಸಿದ್ದೇವೆ. ಸೂಚನಾ ಫಲಕದ ಮೇಲೆಯೂ ಅಂಟಿಸಿದ್ದೇವೆ. 2019ರಲ್ಲಿ ಬಂದ ಓಪನ್ ಎಸ್.ಎಸ್.ಎಚ್. 8.0 ಆವೃತ್ತಿಯಿಂದ ಈಚೆಗೆ, ಮೊದಲ ಭೇಟಿಯ ಪ್ರಶ್ನೆಗೆ ‘ಯೆಸ್’ ಎನ್ನುವ ಬದಲು ತಾನು ಬಲ್ಲ ಬೆರಳಗುರುತನ್ನೇ ಬರೆಯಬಹುದು. ಎರಡೂ ಒಂದೇ ಆದರೆ ಮಾತ್ರ ತಂತ್ರಾಂಶವು ಮುಂದುವರಿಯುತ್ತದೆ. ಕಣ್ಣಿನಿಂದ 43 ಅಕ್ಷರಗಳನ್ನು ತಾಳೆ ನೋಡುವವರು ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಬಿಡುತ್ತಾರೆಂಬುದನ್ನು ಅನುಭವದಿಂದ ಬಲ್ಲೆವಾದ್ದರಿಂದ ವಿದ್ಯಾರ್ಥಿಗಳಿಂದ ಹೀಗೆಯೇ ಬರೆಯಿಸುತ್ತೇವೆ. ಒಂದು ವರ್ಷಕ್ಕೆ ಒಂದು ಸಲದ ಶ್ರಮ; ಗೊಣಗಾಟ ಇದ್ದೇ ಇದೆ. ಯಂತ್ರಗಳು ನೂರಾರು ಇರುವಲ್ಲಿ ಒಂದೊಂದರ ಗುರುತನ್ನೂ ಅಚ್ಚುಹಾಕಿಸುವುದು ಆಗದ ಮಾತು. ಅಲ್ಲಿ ಎಲ್ಲ ಸರ್ವರುಗಳ ಕೀಲಿಗಳಿಗೂ ಒಂದು ಮೇಲಿನ ಕೀಲಿಯಿಂದ ಪ್ರಮಾಣಪತ್ರ ನೀಡಿ, ಅದೊಂದನ್ನೇ ಬಳಕೆದಾರರಿಗೆ ಪರಿಚಯಿಸುವ ವಿಧಾನ 2010ರಿಂದ ಲಭ್ಯವಿದೆ.

ಕಳೆದ ಬೇಸಗೆಯ ರಜೆಯಲ್ಲಿ ಸರ್ವರನ್ನು ಮತ್ತೆ ಬದಲಾಯಿಸಬೇಕಾಯಿತು. ಈ ಸಲ ಹಳೆಯ ಯಂತ್ರದ ಕೀಲಿಗಳ ಕಡತಗಳನ್ನು ಜತನದಿಂದ ತೆಗೆದು ಹೊಸದರಲ್ಲಿ ಇರಿಸಿದೆವು. ತರಗತಿಗಳು ಆರಂಭವಾದ ದಿನ ಯಾರ ತೆರೆಯ ಮೇಲೆಯೂ ಎಚ್ಚರಿಕೆ ಮೂಡಲಿಲ್ಲ.